ಹಲಗೆಯಲ್ಲಿ ಉಳಿದ ಜಾಗ

ನಾಂತ್‌ಹೆಲಿಗ್ ಸಭಾಭವನದ ಓಕ್ ಹಲಗೆಯ ಮೇಲೆ
ನಮ್ಮ ಕ್ಷೇತ್ರದ ಹನ್ನೊಂದು ಹೆಸರು.
ಕೊನೆಯ ನಾಲ್ಕು ನನ್ನ ಕುಂಚದವು.

ಮೊದಲನೆಯವ, ಸರ್ ಪೆರೆಗ್ರಿನ್, ಇತ್ತ ತಲೆ ಹಾಕಿದವನಲ್ಲ.
ಅವನ ಕುದುರೆ ಬಂದಿತ್ತಂತೆ ಒಮ್ಮೆ, ಲಾಳ ಹೊಡೆಸಿಕೊಳ್ಳಲು;
ಕಮ್ಮಾರನ ಕಾಸು ಇನ್ನೂ ಬಾಕಿ.
ಆಗ ಮತದಾರರು ಒಂಬತ್ತೇ ಮಂದಿ,
ಎಂಟು ಜನ ಅವನ ಒಕ್ಕಲು.

ಕಲ್ಲುಗಣಿಯ ಇಡ್ವಲ್ ಪ್ರಾಸರ್ ಗೆದ್ದ ರಾತ್ರಿ
ಅಜ್ಜಿ ಒಲೆಯ ಬೂದಿ ಕೆದಕುತ್ತ ಅಂದಳಂತೆ:
‘ಕೊನೆಗೂ ನಮ್ಮ ಹಾಗೆ ಕೆಮ್ಮುವವನೊಬ್ಬ.’
ಲಂಡನ್ನಿನಲ್ಲೇ ತೀರಿಕೊಂಡ.
ಹಲಗೆಯಲ್ಲಿ ಅವನ ಹೆಸರಿಗೆ ಒಂದಕ್ಷರ ಕಡಿಮೆ,
ಯಾರೂ ತಿದ್ದಲಿಲ್ಲ. ನಾನೂ.

ಎಲ್ಯೂನೆಡ್ ಬಂದಾಗ ಚಿನ್ನದ ಬಣ್ಣ ಸಾಲದೆ
ಕೊನೆ ಮಸುಕಾಯಿತು. ನೋಡಿ ನಕ್ಕಳು,
ಶನಿವಾರದ ಬಸ್ಸು ತಂದಳು, ಸೋತಳು.

ಈಗ ಗಡಿ ಆಯೋಗ ನಕಾಶೆ ಮಡಚಿದೆ;
ನಾವು ಪಕ್ಕದ ಪಟ್ಟಣದ ಬಾಲ.

ಇನ್ನೂ ಮೂರು ಹೆಸರಿಗಾಗುವಷ್ಟು ಜಾಗವಿದೆ ಹಲಗೆಯಲ್ಲಿ.
ಧೂಳು ಒರೆಸುವಾಗ
ಕೈ ಅಲ್ಲಿಗೂ ಹೋಗುತ್ತದೆ.