ಮೂವತ್ತೆಂಟನೆಯ ವಾರ

ಚಕ್ರ ಮೊದಲು ಕೊಂಡೆ, ಬುದ್ಧಿ ಆಮೇಲೆ.
ಕರೀಗಾದ ಹುಡುಗನೊಬ್ಬ ಮದುವೆ ಖರ್ಚಿಗೆ ಮಾರಿದ
ಹದಿನೇಳಿಂಚಿನ ನಾಲ್ಕು ಅಲಾಯ್,
ಮುಖ ಕಾಣುವಷ್ಟು ತಿಕ್ಕಿದ್ದು.
ನನ್ನ ಸಾಸಿವೆ ಬಣ್ಣದ ಡಾಟ್ಸನ್ನಿಗೋ ಐವತ್ತು ದಾಟಿದೆ,
ಹದಿನಾಲ್ಕಿಂಚಿನ ಮೇಲೆ ನಡೆ ಕಲಿತ ಜೀವ.
ಮೂಗಿಗಿಂತ ಮೂಗುತಿ ಭಾರ.

ಗೆಲ್ವಂಡೇಲಿನ ಗ್ಯಾರೇಜು. ಗಾಳಿ.
ಈ ಊರಿನ ಗಾಳಿಗೆ ಬಾಗಿಲು ತಟ್ಟಿ ಅಭ್ಯಾಸವಿಲ್ಲ.
ಸೋಡಾ ಕ್ರೇಟು ಬೋರಲು ಹಾಕಿ ಕೂತಿದ್ದಾರೆ
ಅಂಕಲ್ ಎವರಾರ್ಡ್ ಸೆಪ್ಟೆಂಬರ್,
ಮೂವತ್ತೊಂದು ವರ್ಷ ಟೈರ್ ಕಾರ್ಖಾನೆಯಲ್ಲಿ
ಹಸಿ ರಬ್ಬರಿನ ಪದರ ಡ್ರಮ್ಮಿಗೆ ಸುತ್ತಿದವರು.
ಭಾನುವಾರದ ಚರ್ಚಿನಲ್ಲೂ ಅವರ ಕಾಲರು ಗಂಧಕ ನಾರುತ್ತಿತ್ತು.
ಈಗ ನೋಟದ ನಟ್ಟನಡುವೆ ಹೊಗೆ ಕೂತಿದೆ,
ಓದುವುದೆಲ್ಲ ಹೆಬ್ಬೆರಳು.

‘ಹಳೆಯದರ ಎತ್ತರ ಆರುನೂರ ಇಪ್ಪತ್ತೆಂಟು ಮಿಲಿಮೀಟರ್.
ಸ್ಪೀಡೋಮೀಟರು ನಂಬಿರುವುದು ಅದೊಂದನ್ನೇ.
ರಿಮ್ಮು ಉಬ್ಬಿದರೆ ರಬ್ಬರು ಸೊರಗಬೇಕು ಬ್ರಾನ್ವಿನ್,
ಒಟ್ಟು ಮೊತ್ತ ಅಲುಗಬಾರದು.’

ಇನ್ನೂರ ಇಪ್ಪತ್ತೈದು ಹಾಕಲೇ, ಅಗಲವಾಗಿ?
‘ಹಾಕು. ಮೊದಲ ತಿರುವಿಗೇ ಮಡ್‌ಗಾರ್ಡಿನ ತುಟಿ
ಅದನ್ನ ಕಾಯಿ ತುರಿದ ಹಾಗೆ ತುರಿಯುತ್ತೆ.’
ನಲವತ್ತರ ಪ್ರೊಫೈಲು?
‘ಬೆನ್ನು ನಿನ್ನದು. ಮೀಟರು ನೂರು ಅಂದಾಗ
ನೀನಿರುವುದು ತೊಂಬತ್ತಾರರಲ್ಲಿ.’
ಮತ್ತೆ ಸುಮ್ಮನೆ ಬೆರಳು ಮಡಿಸಿದರು, ಬಿಚ್ಚಿದರು.
‘ಇನ್ನೂರ ಹದಿನೈದು, ನಲವತ್ತೈದು, ಹದಿನೇಳು.
ಮೂರು ಮಿಲಿಮೀಟರು ಸುಳ್ಳು.
ಅಷ್ಟಿಲ್ಲದ ಸಂಸಾರ ಯಾವುದು?’

ಡಿಕ್ಕಿ ಖಾಲಿ ಮಾಡುವಾಗ ಹಳೆಯ ಸ್ಟೆಪ್ನಿ ಸಿಕ್ಕಿತು,
ರಸ್ತೆಯನ್ನೇ ಕಾಣದ್ದು, ಮೈಮೇಲೆ ಇನ್ನೂ
ರಬ್ಬರಿನ ಎಳೆಗೂದಲು.
ಹೆಬ್ಬೆರಳು ಗೋಡೆಯಗುಂಟ ನಡೆದು ನಿಂತಿತು:
ಮೂರು. ಎಂಟು. ಎಂಟು.
ಮೂವತ್ತೆಂಟನೆಯ ವಾರ. ಎಂಟರಲ್ಲಿ ಮುಗಿವ ವರ್ಷ.
ಆಗೆಲ್ಲ ವರ್ಷಕ್ಕೆ ಒಂದೇ ಅಂಕಿ,
ದಶಕವನ್ನು ಮನುಷ್ಯರೇ ನೆನಪಿಟ್ಟುಕೊಳ್ಳಬೇಕು.

‘ಎಂಬತ್ತೆಂಟು,’ ಅಂದರು. ‘ನನ್ನ ತಿಂಗಳು.’
ನಗಲಿಲ್ಲ. ಮುತ್ತಜ್ಜನ ಮುತ್ತಜ್ಜನನ್ನು
ಒಡೆಯ ಕೊಂಡ ತಿಂಗಳೇ ಅವರ ಮನೆತನದ ಹೆಸರು.
‘ಆ ವಾರ ನಾವ್ಯಾರೂ ಒಳಗಿರಲಿಲ್ಲ.
ಗೇಟಿನಾಚೆ ಡ್ರಮ್ಮಿನಲ್ಲಿ ಬೆಂಕಿ, ಹಾಡು, ಪೊಲೀಸು.
ಒಳಗೆ ಯಂತ್ರದ ಸದ್ದು ಮಾತ್ರ ನಿಂತಿರಲಿಲ್ಲ.
ಆಫೀಸಿನವರು ಟೈ ಬಿಚ್ಚಿಟ್ಟು
ಟೈರು ಕಟ್ತಿದಾರೆ ಅಂತ ಸುದ್ದಿ.
ನಾನು ನಂಬಿರಲಿಲ್ಲ.’

ಟೈರಿನ ಹೊಟ್ಟೆಗೆ ಕೈಯಿಟ್ಟು ತಡವಿದರು
ಹೆರಿಗೆ ಮಾಡಿಸುವವರ ಹಾಗೆ.
‘ಬಾ, ಇಲ್ಲಿ ಮುಟ್ಟು. ಪದರ ಮುಗಿದ ಜಾಗ.
ಎರಡು ಬೆರಳು ಹೆಚ್ಚು ಹೊದ್ದಿದೆ. ಅಳೆದಿಲ್ಲ.
ನಡುಗಿದ ಕೈ.’
ಆಮೇಲೆ ನಕ್ಕರು, ಕೆಮ್ಮು ಬರುವವರೆಗೆ.
‘ಇಷ್ಟು ವರ್ಷ ಕತ್ತಲಲ್ಲಿ ಕೂತಿತ್ತಲ್ಲ ಕಳ್ಳ,
ಯಾರಾದರೂ ಹಿಡಿಯಲಿ ಅಂತ.’

ಅದನ್ನು ಮನೆಗೊಯ್ದರು. ಹಿತ್ತಲಲ್ಲಿ ಮಲಗಿಸಿ
ಸಂಜೆ ಆ ವಾರದ ಮೇಲೆ ಕೂತು ಚಹಾ ಕುಡಿಯುತ್ತಾರೆ.

ಹೊಸ ನಾಲ್ಕು ಬಂದವು, ಯಾವುದೋ ದೂರದ ದೇಶದವು.
ಒಂದೊಂದರ ಹುಟ್ಟಿದ ವಾರವನ್ನೂ ಬೆರಳಿಟ್ಟು ನೋಡಿದರು,
ಒಂದು ಆರು ವರ್ಷದ ಹಳತು. ವಾಪಸ್ಸು ಕಳಿಸಿದರು.
ಅದಕ್ಕೇ ಹದಿನೈದು ದಿನ ತಡ.

ಕಡಲಗುಂಟ ಹೋದೆವು, ಅವರ ಕಿಟಕಿ ಇಳಿಸಿಕೊಂಡು,
ಕಿವಿ ಹೊರಗೆ. ರಸ್ತೆಯ ಒಂದೊಂದು ಹೊಲಿಗೆಯೂ
ನೇರ ಬೆನ್ನುಹುರಿಗೆ. ಆದರೂ ಏನು ಹಿಡಿತ,
ತಿರುವೇ ನಮ್ಮನ್ನು ಕೈಹಿಡಿದು ಎಳೆದ ಹಾಗೆ.
ಮರಳುವಾಗ ಸ್ಟಿಯರಿಂಗು ಪೂರ್ತಿ ಸುತ್ತಿದೆ.
ಸರ್ರ್.
‘ಎಡಗಡೆ ಮುಂದಿನದು,’ ಅಂದರು ಕಣ್ಣುಮುಚ್ಚಿ.
ತುಟಿ ಬಡಿದು ಒಳಗೆ ಮಡಚಿಸಲೇ?
‘ಬೇಡ. ಇರಲಿ. ಸದ್ದು ಬಂದಾಗ
ಒಂಚೂರು ಕಡಿಮೆ ತಿರುಗಿಸು.’