ತಪ್ಪು ಹೆಸರಿನ ಉಪ್ಪು

ವುಚ್ ಅಂದರೆ ದೋಣಿ. ನಮ್ಮೂರಿಗೆ ಆ ಹೆಸರು,
ಹೊಳೆಯನ್ನೋ ಗಿರಣಿಯವರು ಎಂದೋ ನೆಲದಡಿ ಹೂತರು.
‘ಹೈಪೋನೂ ಹಾಗೇ’ ಅನ್ನುತ್ತಾಳೆ ಹಾಲ್ಷ್ಕಾ,
ಚಮಚದಲ್ಲಿ ಹರಳು ಅಳೆಯುತ್ತ.
‘ಹಳೇ ಪಂಡಿತರು ಲೆಕ್ಕ ತಪ್ಪಿ ಇಟ್ಟ ಹೆಸರು.
ನಿಜನಾಮ ಥಯೋಸಲ್ಫೇಟ್. ಯಾರು ಕರೆಯುತ್ತಾರೆ ಹಾಗೆ?
ಕೂತುಬಿಟ್ಟಿತು.’

ಹರಳು ಕರಗಿದಂತೆ ನೀರು ಕೊರೆಯತೊಡಗುತ್ತದೆ,
ಜಾಡಿಯ ಹೊರಮೈ ಬೆವರುತ್ತದೆ.
ಇದು ನೆಲಮಾಳಿಗೆ. ಮೇಲೆ, ಮಗ್ಗಗಳಿದ್ದ ಹಾಲಿನಲ್ಲಿ
ಈಗ ಯಾರೋ ಪಿಂಗ್‌ಪಾಂಗ್ ಆಡುತ್ತಾರೆ;
ಆ ಟಕ್ ಟಕ್ ನಮ್ಮ ಸೆಕೆಂಡುಗಳನ್ನು ಕೆಡಿಸುತ್ತದೆ.

ಡೆವಲಪರಿಗೆ ನಮ್ಮ ಮಾತಿನಲ್ಲಿ ವಿವೊವಿವಾಚ್, ಕೂಗಿ ಕರೆಯುವವನು.
ಪ್ಶೆರಿವಾಚ್, ನಡುವೆ ಬಾಯಿ ಹಾಕುವವನು, ವಿನಿಗರ್ ನಾತದವನು.
ಆಮೇಲೆ ಉತ್ರ್ಫಾಲಾಚ್, ಬಾಳಿಸುವವನು.
ಇವನು ಏನೋ ಸೇರಿಸುತ್ತಾನೆ ಅಂದುಕೊಂಡಿದ್ದೆ ನಾನು,
ಮುಖಗಳ ಮೇಲೆ ಅರಗು ಹೊಯ್ದಂತೆ.

ಹಾಲ್ಷ್ಕಾ ನಕ್ಕಳು. ಇಪ್ಪತ್ತೆರಡು ವರ್ಷ ಬಣ್ಣದ ತೊಟ್ಟಿಯಲ್ಲಿ ದುಡಿದವಳು,
ಉಗುರ ಬುಡದಲ್ಲಿ ಇನ್ನೂ ನೀಲಿ.
‘ಅಲ್ಲಿ ಉಪ್ಪು ಹಾಕುತ್ತಿದ್ದದ್ದು ಬಣ್ಣ ನೂಲನ್ನು ಕಚ್ಚಲಿ ಅಂತ.
ಇಲ್ಲಿ ಹಾಕುವುದು ಬಿಡಲಿ ಅಂತ.
ಬೆಳಕು ಮುಟ್ಟದ ಬೆಳ್ಳಿ ಇದೆಯಲ್ಲ, ಇನ್ನೂ ಕಾಯುತ್ತ ಕೂತದ್ದು,
ಅದನ್ನು ಕೈ ಹಿಡಿದು ಹೊರಗೆ ಕರೆದೊಯ್ಯುತ್ತದೆ.
ಇಲ್ಲವಾದರೆ ನಾಳೆ ಬಾಗಿಲು ತೆರೆದಾಗ
ಅದೂ ಕಪ್ಪಾಗುತ್ತದೆ,
ಎಲ್ಲ ಕಪ್ಪಾಗುತ್ತದೆ.’

ಫಿಲ್ಮಿನ ತುದಿ ಕತ್ತರಿಸಿ ಅದ್ದಿದೆವು.
ಹಾಲುಬಣ್ಣ ಮೊದಲು ಅಂಚಿನಲ್ಲಿ ಕರಗಿತು, ಆಮೇಲೆ ನಡುವೆ.
ಐವತ್ತು ಸೆಕೆಂಡಿಗೆ ಅದರಾಚೆ ಅವಳ ಬೆರಳು ಕಂಡವು.
‘ತಿಳಿಯಾಯಿತು’ ಎಂದೆ.
‘ಕಣ್ಣಿಗೆ. ಅಷ್ಟೇ ಹೊತ್ತು ಇನ್ನೊಮ್ಮೆ.’

ಕಾಯುವಾಗ ಡ್ರಾಯರಿನಿಂದ ಒಂದು ಪ್ರಿಂಟು ತೆಗೆದಳು.
ಗಿರಣಿಯ ಕಡೆಯ ಪಾಳಿ, ಮೆಟ್ಟಿಲ ಮೇಲೆ ಹದಿನೇಳು ಹೆಂಗಸರು.
ಅವತ್ತು ಟ್ರಾಮ್ ತಪ್ಪೀತೆಂದು, ದಣಿದ ಹಳೇ ದ್ರಾವಣದಲ್ಲೇ ಅದ್ದಿ
ಮೂರು ನಿಮಿಷ ಉಳಿಸಿದ್ದಳಂತೆ.
ಎಡಗಡೆಯಿಂದ ಕಂದು ಏರಿ ಬರುತ್ತಿದೆ, ಚಹಾ ಚೆಲ್ಲಿದ ಹಾಗೆ.
ಯಾದ್‌ವಿಗಾ ಹೋದಳು. ಕ್ಲೆಮೆಂತಿನಾ ಕುತ್ತಿಗೆಯವರೆಗೆ.
ಹಾಲ್ಷ್ಕಾ ಇದರಲ್ಲಿ ಇಲ್ಲವೇ ಇಲ್ಲ, ಕ್ಯಾಮೆರಾದ ಈಚೆಗಿದ್ದಳು.
‘ಟ್ರಾಮಂತೂ ಸಿಕ್ಕಿತು’ ಎಂದಳು.

ಬಳಸಿದ ಹೈಪೋ ಚರಂಡಿಗಲ್ಲ, ಕಪ್ಪು ಕ್ಯಾನಿಗೆ.
ತಿಂಗಳ ಕೊನೆಗೆ ಝೆನೊಬಿ ಬರುತ್ತಾನೆ ಕೆಮ್ಮುತ್ತ,
ಅದರೊಳಗಿನ ಬೆಳ್ಳಿ ತೆಗೆಯುವವ;
ಲೀಟರಿಗೆ ಎಷ್ಟೆಂದು ಇಬ್ಬರದೂ ಚೌಕಾಸಿ.
ಈ ಸಲ ಕ್ಯಾನು ಎತ್ತಿ ಕೊಟ್ಟದ್ದು ನಾನು.
ಯಾವ ಚಿತ್ರಕ್ಕೂ ಬೇಡವಾದ ಬೆಳ್ಳಿಯೆಲ್ಲ
ಮೆಟ್ಟಿಲು ಹತ್ತುವಾಗ ಗುಳುಗುಳು ಅಂದಿತು.