೧೯೫೨ರ ಸಾಲು

ಮಾರ್ಚ್ ಸಂಚಿಕೆಗೆ ಬಂದ ಪತ್ರಗಳನ್ನು
ವರ್ಷದ ಪ್ರಕಾರ ಜೋಡಿಸುತ್ತಿದ್ದೇನೆ.
ಕಿಟಕಿಯಾಚೆ ಹಿಮಕ್ಕೆ ಉಪ್ಪು ಎರಚುವ ಲಾರಿ.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ:
ಇಲ್ಲಿ ಓದಿಹೋದವರು ಏನಾದರು ಎಂಬುದನ್ನು
ಎರಡು ಸಾಲಿಗೆ ಇಳಿಸುವುದು.

೨೦೧೧: ಟಮೀಕಾ ಬ್ರೌನ್‌ಲೀ, ಮೊಣಕಾಲಿಗೆ
ಹೊಸ ಬಗೆಯ ಕೀಲು, ಪೇಟೆಂಟ್ ಸಿಕ್ಕಿದೆ.
೨೦೦೩: ಡ್ವೇನ್ ಪಿಯೆಟ್ಜ್, ಈಗ ಜಿಲ್ಲಾ ನ್ಯಾಯಾಧೀಶ.
(ಗ್ರಂಥಾಲಯದ ದಂಡ ಕಟ್ಟದೆ ನಾಲ್ಕು ವರ್ಷ
ತಲೆತಪ್ಪಿಸಿಕೊಂಡು ಓಡಾಡಿದವನು.
ಅದನ್ನು ನಾನು ಹಾಕುವುದಿಲ್ಲ.)
೧೯೮೮: ಒಬ್ಬರಿಗೆ ಅವಳಿ ಮೊಮ್ಮಕ್ಕಳು.
ಇನ್ನೊಬ್ಬರು ‘ವಿಚ್ಛೇದನ’ ಎಂದು ಬರೆದು, ಹೊಡೆದುಹಾಕಿ,
ಮೇಲೆ ‘ಸ್ಥಳಾಂತರ’ ಎಂದಿದ್ದಾರೆ.
ಆಗಲಿ, ಸ್ಥಳಾಂತರ.

ಕ್ಯಾಂಪಸ್ಸಿಗೂ ಒಂದು ಪುಟ.
ಗಂಟೆ ಗೋಪುರದ ಗೂಡಿನಲ್ಲಿ ಡೇಗೆ ಮೂರು ಮೊಟ್ಟೆ ಇಟ್ಟಿದೆ.
ಹೈನು ವಿಭಾಗದ ಚೀಸಿಗೆ ರಾಜ್ಯಕ್ಕೇ ಎರಡನೆಯ ಬಹುಮಾನ;
ಮೊದಲನೆಯದು ಯಾರಿಗೆ ಎಂದು
ಇಲ್ಲಿ ಯಾರೂ ಬಾಯಿಬಿಡುವುದಿಲ್ಲ.
ಶುಲ್ಕ ಶೇಕಡಾ ನಾಲ್ಕು ಏರಿದ್ದು
ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಟಿಪ್ಪಣಿಯ ಪುಟಕ್ಕೆ ಒಂದು ಗುಣವಿದೆ.
ಹೊಸಬರು ಕೆಳಗಿನಿಂದ ನೂಕುತ್ತ ಬರುತ್ತಾರೆ,
ಹಳಬರು ಒಂದೊಂದೇ ಗೆರೆ ಮೇಲಕ್ಕೆ ಸರಿದು
ಕೊನೆಗೆ ಅಂಚು ದಾಟಿ
ಎಡಪುಟದ ಕಪ್ಪು ಚೌಕಟ್ಟಿನೊಳಗೆ ಕೂರುತ್ತಾರೆ.
ಜಗಳವಿಲ್ಲ, ಎಲ್ಲರೂ ಸರದಿ ಬಲ್ಲವರು.

ನಾನು ಆ ಸರದಿಯಲ್ಲಿಲ್ಲ.
ಮೂರನೆಯ ವರ್ಷ ಸಂಖ್ಯಾಶಾಸ್ತ್ರ ಎರಡು ಸಲ ಕೈಕೊಟ್ಟಿತು,
ಅಷ್ಟರಲ್ಲಿ ಮಗಳು ಹುಟ್ಟಿದಳು.
ಪದವಿಗೆ ಬರಬೇಕಾದವಳು
ಟೈಪಿಂಗ್ ಕೆಲಸಕ್ಕೆ ಬಂದೆ,
ಅದೇ ಕಟ್ಟಡ, ಹಿಂಬಾಗಿಲು.

೧೯೫೨ರ ಕೆಳಗೆ ಒಬ್ಬರೇ ಉಳಿದಿದ್ದರು:
ಆರ್ವಿಡ್ ಹೌಗನ್, ಮಣ್ಣಿನ ವಿಜ್ಞಾನ.
ಮೂರು ತಿಂಗಳಿಗೊಂದು ಕಾರ್ಡು, ಪೆನ್ಸಿಲಿನಲ್ಲಿ:
‘ವಿಶೇಷವೇನಿಲ್ಲ.’
ಒಮ್ಮೆ ಮಾತ್ರ,
‘ವಿಶೇಷವೇನಿಲ್ಲ. ಬೀಟ್‌ರೂಟ್ ಚೆನ್ನಾಗಿ ಬಂದಿದೆ.’
ಹಾಗೆಯೇ ಅಚ್ಚು ಹಾಕುತ್ತಿದ್ದೆ.
ಪೇಟೆಂಟುಗಳ, ಪಾರಿತೋಷಕಗಳ ಗದ್ದಲದ ನೆತ್ತಿಯ ಮೇಲೆ
ಆ ಒಂದು ಮಾತು ತಣ್ಣಗೆ ಕೂತಿರುತ್ತಿತ್ತು.

ಈ ಸಲ ಕಾರ್ಡಿಲ್ಲ.
ಫೋನು ಹೊಡೆದುಕೊಂಡೇ ಇತ್ತು.
ಕಪ್ಪು ಚೌಕಟ್ಟಿನ ಪಟ್ಟಿಯಲ್ಲೂ ಹೆಸರಿಲ್ಲ.
ಪತ್ರವಿಲ್ಲದ ವರ್ಷಕ್ಕೆ ತಲೆಬರಹವಿಲ್ಲ,
ಈ ನಿಯಮ ಮಾಡಿದವಳೂ ನಾನೇ.
ಅಳಿಸಲು ಹೋದೆ, ಕೈ ಬರಲಿಲ್ಲ.
೧೯೫೨ ಎಂದು ಇಟ್ಟು
ಕೆಳಗೆ ಒಂದು ಸಾಲು ಖಾಲಿ ಬಿಟ್ಟೆ.
ಕರಡು ತಿದ್ದುವ ಹುಡುಗ ಕೇಲಬ್ ಕೇಳಿದ:
“ಇಲ್ಲಿ ಏನೋ ಬಿಟ್ಟುಹೋಗಿದೆಯಲ್ಲ?”
“ಗೊತ್ತಿಲ್ಲ,” ಎಂದೆ, “ಇನ್ನೂ ಗೊತ್ತಿಲ್ಲ.”

ಒಂದು ಲಕ್ಷ ಎಂಬತ್ತು ಸಾವಿರ ಮನೆಗಳಿಗೆ
ಆ ಖಾಲಿ ಸಾಲು ಅಂಚೆಯಲ್ಲಿ ಹೋಯಿತು.

ಏಪ್ರಿಲ್ ಕೊನೆಗೆ ಒಂದು ಕಾರ್ಡು, ನರ್ಸೊಬ್ಬಳ ದುಂಡು ಅಕ್ಷರ:
‘ಸೊಂಟ ಮುರಿದಿತ್ತು. ಬರೆಯಲಾಗಲಿಲ್ಲ.
ನನ್ನ ವರ್ಷದ ಕೆಳಗೆ ಜಾಗ ಸುಮ್ಮನೆ ಬಿಟ್ಟಿದ್ದೀರಿ.
ಅದು ತೆರಿಗೆ ಕಟ್ಟಿದವರ ಕಾಗದ.
ಹೊಲವನ್ನು ಬೀಳು ಬಿಡುವುದಕ್ಕೂ
ಒಂದು ಕಾರಣ ಇರಬೇಕಾಗುತ್ತದೆ.
ಇನ್ನು ಮುಂದೆ ನಾನು ತಪ್ಪಿಸಿದರೆ
ಕೆಲಸ ಹುಡುಕುತ್ತಿರುವ ಯಾರದಾದರೂ ಹೆಸರು ಹಾಕಿ,
ಫೋನ್ ನಂಬರ್ ಸಹಿತ.
ಉಳಿದಂತೆ ವಿಶೇಷವೇನಿಲ್ಲ.’

ಓದಿ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು
ಕನ್ನಡಕ ಒರೆಸುತ್ತ ಕೂತೆ.
ಬೈಸಿಕೊಂಡು ಇಷ್ಟು ಹಗುರಾದದ್ದು
ನನಗೆ ನೆನಪಿಲ್ಲ.

ಜೂನ್ ಸಂಚಿಕೆಯ ಕೆಲಸ ಶುರುವಾಗಿದೆ.
೧೯೫೨: ಆರ್ವಿಡ್ ಹೌಗನ್, ವಿಶೇಷವೇನಿಲ್ಲ.
ಸೊಂಟದ ವಿಷಯ ಹಾಕಿಲ್ಲ,
ಅವರಿಗೆ ಹಿಡಿಸುವುದಿಲ್ಲ.
ಡೇಗೆಯ ಮೂರು ಮೊಟ್ಟೆಗಳಲ್ಲಿ
ಎರಡು ಮಾತ್ರ ಮರಿಯಾಗಿವೆ;
ಎಂಟನೆಯ ಪುಟದಲ್ಲಿ
ಒಂದು ತಿದ್ದುಪಡಿ ಹಾಕಬೇಕು.